ತುಕ್ಕು ಮೊಳೆಯಿಂದ ಹೂವು ನೀಲಿಯಾಗುತ್ತಾ?

ಹೈಡ್ರೇಂಜಿಯಾ ಬುಡದಲ್ಲಿ ತುಕ್ಕು ಹಿಡಿದ ಮೊಳೆ ಹೂತರೆ ಗುಲಾಬಿ ಬಣ್ಣದ ಹೂವು ನೀಲಿಯಾಗುತ್ತದೆ ಅನ್ನುವ ಮೆಸೇಜು ಆಗಾಗ ವಾಟ್ಸಾಪಿನಲ್ಲಿ ಬರುತ್ತದೆ. ಅದು ಸರಿಯಲ್ಲ. ನೀಲಿ ಬರುವುದು ಕಬ್ಬಿಣದಿಂದಲ್ಲ, ಅಲ್ಯೂಮಿನಿಯಂನಿಂದ. ಮಣ್ಣು ಹುಳಿಯಾಗಿದ್ದರೆ, ಅಂದರೆ ಪಿಎಚ್ ಸುಮಾರು 5.5ಕ್ಕಿಂತ ಕಡಿಮೆಯಿದ್ದರೆ, ಮಣ್ಣಲ್ಲೇ ಇರುವ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ. ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಜಡಿಮಳೆ ಸುಣ್ಣದ ಅಂಶ ತೊಳೆದು ಮಣ್ಣು ಮೊದಲೇ ಹುಳಿ. ಮೊಳೆ ಇಲ್ಲದೆಯೂ ಅಂಗಳದ ಗಿಡ ನೀಲಿ ಹೂ ಬಿಡಬಹುದು. ಮೊಳೆ ಹಾಕಿದವರಿಗೆ ಅದೇ ಕಾರಣ ಅನ್ನಿಸುವುದು ಸಹಜ, ಅಲ್ವಾ?

ನೀವೇ ನೋಡಿ. ಒಂದೇ ಗಿಡದ ಎರಡು ಗೆಲ್ಲು, ಎರಡು ಕುಂಡ, ಒಂದೇ ಮಣ್ಣು. ಒಂದಕ್ಕೆ ಮಾತ್ರ ಮೊಳೆ ಹಾಕಿ, ಹೂ ಬಿಡುವವರೆಗೆ ಕಾಯಿರಿ. ಬಿಳಿ ತಳಿ ಮಾತ್ರ ಬೇಡ, ಅದು ನೀಲಿಯಾಗುವುದಿಲ್ಲ. ಕಳೆ ಕೀಳುವಾಗ ಕೈ ಜೋಪಾನ, ಮೊಳೆ ಚುಚ್ಚೀತು.