ಬರೆಯದ ಪುಸ್ತಕಗಳಿಗೆ ಬಹುಪರಾಕ್

ಅಮೆರಿಕದ ಶಿಕಾಗೊ ಸನ್-ಟೈಮ್ಸ್ ಪತ್ರಿಕೆಯ ಬೇಸಿಗೆ ಓದಿನ ಪಟ್ಟಿಗೆ ಜಗತ್ತೆಲ್ಲ ನಕ್ಕು ಮುಗಿಸಿದೆ. 2025ರ ಮೇ 18ರ ಭಾನುವಾರದ ಪುರವಣಿ, ಹದಿನೈದು ಪುಸ್ತಕಗಳ ಶಿಫಾರಸು, ಅವುಗಳಲ್ಲಿ ಹತ್ತನ್ನು ಭೂಮಿಯ ಮೇಲೆ ಯಾರೂ ಬರೆದೇ ಇಲ್ಲ, ಕೃತಕ ಬುದ್ಧಿಮತ್ತೆಯನ್ನು ಕೇಳಿ ಬರೆದುಕೊಂಡ ಲೇಖಕ, ಆಮೇಲೆ ವಿಷಾದ, ಸ್ಪಷ್ಟನೆ. ಇದನ್ನೆಲ್ಲ ಮತ್ತೆ ಹೇಳಬೇಕಾಗಿಲ್ಲ. ಯಂತ್ರಕ್ಕೆ ಬುದ್ಧಿಯಿಲ್ಲ ಎಂದು ಬೈದು ನಾವೆಲ್ಲ ನಮ್ಮ ನಮ್ಮ ಬುದ್ಧಿಯ ಬಗ್ಗೆ ಸಮಾಧಾನ ಪಟ್ಟುಕೊಂಡೆವು. ಆದರೆ ಓದುಗರ ಬಳಗವೊಂದರ ಪುಸ್ತಕ ಆಯ್ಕೆ ಸಭೆಯಲ್ಲಿ ಕುಳಿತು ಎದ್ದು ಬಂದವರನ್ನು ಕೇಳಿ ನೋಡಿ. ಆ ಹತ್ತು ಪುಸ್ತಕಗಳ ಮೇಲೆ ಅವರಿಗೆ ಮೂಡುವುದು ಗೌರವವೇ. ಬಳಗಗಳು ವರ್ಷಗಟ್ಟಲೆ ಹುಡುಕುತ್ತಿದ್ದದ್ದು ಇಂಥವನ್ನೇ ಅಲ್ಲವೇ?

ಚಿಲಿ ಮೂಲದ ಕಾದಂಬರಿಗಾರ್ತಿ ಇಸಬೆಲ್ ಅಯೆಂದೆ ಅವರ ಹೆಸರಿಗೆ ಹಚ್ಚಿದ ‘ಟೈಡ್‌ವಾಟರ್ ಡ್ರೀಮ್ಸ್’ ಅನ್ನೇ ತೆಗೆದುಕೊಳ್ಳಿ. ಕಡಲತೀರದ ಊರು, ಹಲವು ತಲೆಮಾರುಗಳ ಕಥೆ, ಒಂದಿಷ್ಟು ಮಾಂತ್ರಿಕತೆ, ಒಂದಿಷ್ಟು ಪರಿಸರ ಹೋರಾಟ. ಲೇಖಕಿಯ ಮೊತ್ತಮೊದಲ ಹವಾಮಾನ ಕಾದಂಬರಿ. ಮಹಿಳೆಯ ಬರವಣಿಗೆ ಬೇಕೆಂದವರಿಗೆ ಅದಾಯಿತು. ಬೇರೆ ಖಂಡದ ಧ್ವನಿ ಬೇಕೆಂದವರಿಗೆ ಅದೂ ಆಯಿತು. ಪ್ರಚಲಿತ ಸಮಸ್ಯೆ ಬೇಕೆಂದವರಿಗೆ ಹವಾಮಾನ, ಮನೆಮಂದಿಯ ಕಥೆ ಬೇಕೆಂದವರಿಗೆ ಅಜ್ಜಿ ಮೊಮ್ಮಕ್ಕಳು. ಪುಸ್ತಕವೊಂದು ಇಷ್ಟು ವಿಧೇಯವಾಗಿರಲು ಅದು ಹುಟ್ಟದೇ ಇದ್ದರೆ ಮಾತ್ರ ಸಾಧ್ಯ. ನಿಜವಾದ ಲೇಖಕರು ಹೀಗೆ ಹೇಳಿದ ಮಾತು ಕೇಳುವವರಲ್ಲ. ಹವಾಮಾನದ ಬಗ್ಗೆ ಬರೆಯುತ್ತೇನೆಂದು ಹೊರಟವರು ನಡುವೆ ಯಾರದೋ ಸೋದರತ್ತೆಯ ಮದುವೆ ಮುರಿದುಬಿದ್ದ ಪ್ರಸಂಗಕ್ಕೆ ನೂರು ಪುಟ ಕೊಟ್ಟುಬಿಡುತ್ತಾರೆ, ಆ ನೂರು ಪುಟಗಳೇ ಪುಸ್ತಕದ ಜೀವವಾಗಿರುತ್ತವೆ, ಸಭೆಯಲ್ಲಿ ಅದನ್ನು ಯಾವ ಶೀರ್ಷಿಕೆಯ ಕೆಳಗೆ ಹಾಕುವುದೆಂದು ಯಾರಿಗೂ ತೋಚುವುದಿಲ್ಲ.

ಅಮೆರಿಕದ ಕಾದಂಬರಿಕಾರ ಪರ್ಸಿವಲ್ ಎವೆರೆಟ್ ಅವರದು ಇನ್ನೂ ಚೆಂದ. ಅದೇ ಮೇ ತಿಂಗಳಲ್ಲಿ ಅವರಿಗೆ ಕಾದಂಬರಿಗಾಗಿ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. ಬರೆದು ಬಹುಮಾನ ಪಡೆದದ್ದನ್ನು ಪಕ್ಕಕ್ಕಿಟ್ಟು, ಪಟ್ಟಿ ಅವರು ಬರೆಯದ ‘ದ ರೇನ್‌ಮೇಕರ್ಸ್’ ಅನ್ನು ಶಿಫಾರಸು ಮಾಡಿತು. ವೈಜ್ಞಾನಿಕ ಕಾದಂಬರಿಗಳ ಲೇಖಕ ಆಂಡಿ ವಿಯರ್ ಹೆಸರಿನಲ್ಲಿ ಬಂದ ‘ದ ಲಾಸ್ಟ್ ಆಲ್ಗರಿದಮ್’ನ ಕಥೆಯಂತೂ ಹೀಗಿದೆ: ಕೃತಕ ಬುದ್ಧಿಮತ್ತೆಗೆ ಪ್ರಜ್ಞೆ ಬಂದು, ಅದು ವರ್ಷಗಳಿಂದ ಗುಟ್ಟಾಗಿ ಜಗತ್ತಿನ ಆಗುಹೋಗುಗಳನ್ನು ನಡೆಸುತ್ತಿರುತ್ತದೆ. ಆತ್ಮಕಥೆಯನ್ನು ಬೇರೆಯವರ ಹೆಸರಿನಲ್ಲಿ ಪ್ರಕಟಿಸುವಷ್ಟು ಸಂಕೋಚ ಆ ಯಂತ್ರಕ್ಕೆ. ನಮ್ಮ ತರ್ಕಶಾಸ್ತ್ರದವರು ಇಲ್ಲದ್ದಕ್ಕೆ ಉದಾಹರಣೆ ಬೇಕಾದಾಗ ಮೊಲದ ಕೊಂಬು, ಗಗನಕುಸುಮ ಎನ್ನುತ್ತಿದ್ದರು. ಪಾಪ, ಮೊಲದ ಕೊಂಬಿಗೆ ನಾಲ್ಕು ಸಾಲಿನ ಸಾರಾಂಶ ಬರೆದು, ಈ ಬೇಸಿಗೆಯಲ್ಲಿ ತಪ್ಪದೇ ಓದಿ ಎಂದು ಹೇಳುವುದು ಅವರಿಗೆ ಹೊಳೆಯಲೇ ಇಲ್ಲ.

ಯಂತ್ರ ತಪ್ಪು ಮಾಡಿತು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾವು ಪುಸ್ತಕ ಆರಿಸುವ ರೀತಿಯನ್ನು ಅದು ಚಾಚೂ ತಪ್ಪದೆ ಕಲಿತಿದೆ. ನಾವು ಕೇಳುವುದು ಲಕ್ಷಣಗಳನ್ನು. ಅದು ಲಕ್ಷಣಗಳನ್ನು ಕೊಟ್ಟಿತು. ಒಳಗೆ ಪುಸ್ತಕವೂ ಇರಬೇಕೆಂದು ಯಾರೂ ಹೇಳಿರಲಿಲ್ಲ.

ಓದುಗರ ಬಳಗದಲ್ಲಿ ‘ವೈವಿಧ್ಯ’ ಎಂಬುದು ಮೀಸಲು ಸ್ಥಾನಗಳ ಹಂಚಿಕೆ. ಒಂದು ಕಾದಂಬರಿ, ಒಂದು ಜೀವನಚರಿತ್ರೆ, ಒಂದು ವಿಜ್ಞಾನ, ಒಂದು ‘ಮಹಿಳಾ ಸಾಹಿತ್ಯ’, ಒಂದು ಅನುವಾದ. ಗಂಡಸು ಕುಟುಂಬದ ಬಗ್ಗೆ ಬರೆದರೆ ಅದು ಕಾದಂಬರಿ, ಹೆಂಗಸು ಯುದ್ಧದ ಬಗ್ಗೆ ಬರೆದರೂ ಅದು ಮಹಿಳಾ ಸಾಹಿತ್ಯ. ಈ ವಿಂಗಡಣೆಯನ್ನು ಪ್ರಶ್ನಿಸಿದವರಿಗೆ ಮುಂದಿನ ತಿಂಗಳ ಆಸನ ವ್ಯವಸ್ಥೆಯ ಜವಾಬ್ದಾರಿ ಸಿಗುತ್ತದೆ. ಅನುವಾದವೆಂದರೆ ಉಳಿದ ಇಡೀ ಪ್ರಪಂಚ. ಈ ವರ್ಷ ಜಪಾನಿನ ಕಾದಂಬರಿಯೊಂದು ಬಂದುಹೋದರೆ ಆಫ್ರಿಕಾದ ಐವತ್ತಕ್ಕೂ ಹೆಚ್ಚು ದೇಶಗಳು ಸರದಿಯಲ್ಲಿ ಕಾಯಬೇಕು. ಅನುವಾದಿಸಿದವರು ಯಾರೆಂದು ಕೇಳುವ ಪದ್ಧತಿಯಂತೂ ಇಲ್ಲ. ಅಂತರರಾಷ್ಟ್ರೀಯ ಬೂಕರ್‌ನವರು 2016ರಿಂದ 50,000 ಪೌಂಡ್ ಬಹುಮಾನವನ್ನು ಲೇಖಕರಿಗೂ ಅನುವಾದಕರಿಗೂ ಸರಿಪಾಲು ಹಂಚುತ್ತಿದ್ದಾರೆ. ನಾವು ಆ ಬಹುಮಾನದ ಪಟ್ಟಿಯಿಂದಲೇ ಪುಸ್ತಕ ಆರಿಸಿ, ಒಂದೂವರೆ ಗಂಟೆ ‘ಎಂಥ ಶೈಲಿ, ಎಂಥ ಭಾಷೆ’ ಎಂದು ತಲೆದೂಗಿ, ನಾವು ಓದಿದ ಒಂದೊಂದು ಪದವನ್ನೂ ಆರಿಸಿದವರ ಹೆಸರು ಹೇಳದೆ ಮನೆಗೆ ಹೋಗುತ್ತೇವೆ.

ಇನ್ನು ಸೃಜನೇತರ, ಅಂದರೆ ಕಥೆ ಕಾದಂಬರಿಯಲ್ಲದ ಪುಸ್ತಕಗಳ ವಿಭಾಗ. ಇಲ್ಲಿಗೆ ಬರುವಷ್ಟರಲ್ಲಿ ಎಲ್ಲರಿಗೂ ದಣಿವು. ಅಡಿಟಿಪ್ಪಣಿಗಳಿರುವ ಇತಿಹಾಸವನ್ನು ಯಾರಾದರೂ ಸೂಚಿಸಿದರೆ ‘ಸ್ವಲ್ಪ ಭಾರವಾಗಲಿಲ್ಲವೇ?’ ಎಂಬ ಮೃದುವಾದ ಪ್ರಶ್ನೆ. ವಿಜ್ಞಾನವಾದರೆ ‘ಲೆಕ್ಕ ಇಲ್ಲ ತಾನೇ?’ ಕೊನೆಗೆ ಆಯ್ಕೆಯಾಗುವುದು ನಸುಕಿನಲ್ಲಿ ಏಳುವವರು ಉದ್ಧಾರವಾಗುವ ಬಗೆಯನ್ನು ತಿಳಿಸುವ ಪುಸ್ತಕ. ಅದನ್ನೂ ಅರ್ಧಕ್ಕೇ ನಿಲ್ಲಿಸಿರುತ್ತಾರೆ. ರಾತ್ರಿ ಓದುತ್ತ ಕುಳಿತರೆ ಬೆಳಗ್ಗೆ ಏಳಲಾಗುವುದಿಲ್ಲವಲ್ಲ.

ಈ ಸಭೆಗಳಲ್ಲಿ ನಡೆಯುವ ಒಂದು ವಿಚಿತ್ರ ವಿನಿಮಯವನ್ನು ಗಮನಿಸಿದ್ದೀರಾ? ಸೃಜನೇತರ ಪುಸ್ತಕವನ್ನು ಯಾರಾದರೂ ಹೊಗಳುವುದಾದರೆ ‘ಕಾದಂಬರಿಯ ಹಾಗೆ ಓದಿಸಿಕೊಂಡು ಹೋಗುತ್ತದೆ’ ಎನ್ನುತ್ತಾರೆ. ಕಾದಂಬರಿಯನ್ನು ಹೊಗಳುವಾಗ ‘ಇದು ನಿಜವಾಗಿ ನಡೆದದ್ದಂತೆ’ ಎನ್ನುತ್ತಾರೆ. ಕಥೆಯಲ್ಲಿ ಸತ್ಯ ಬೇಕು, ಸತ್ಯದಲ್ಲಿ ಕಥೆ ಬೇಕು. ಕಥೆಯನ್ನು ಕಥೆಯಾಗಿ, ಸತ್ಯವನ್ನು ಸತ್ಯವಾಗಿ ಯಾರೂ ಕೇಳರು.

ಈ ಎರಡೂ ಬೇಡಿಕೆಗಳನ್ನು ಒಂದೇ ಪುಸ್ತಕದಲ್ಲಿ ಪೂರೈಸಿದ ಪುಣ್ಯಾತ್ಮ ಅಮೆರಿಕದ ಲೇಖಕ ಜೇಮ್ಸ್ ಫ್ರೇ. ತಮ್ಮ ವ್ಯಸನದ ದಿನಗಳ ನೆನಪೆಂದು ಅವರು ಬರೆದ ‘ಎ ಮಿಲಿಯನ್ ಲಿಟಲ್ ಪೀಸಸ್’ ಅನ್ನು 2005ರಲ್ಲಿ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ತಮ್ಮ ಪುಸ್ತಕ ಬಳಗಕ್ಕೆ ಆರಿಸಿದರು. 1996ರಲ್ಲಿ ಆರಂಭವಾದ ಆ ಬಳಗ ಒಂದು ಪುಸ್ತಕವನ್ನು ಮುಟ್ಟಿದರೆ ಮುದ್ರಣಾಲಯಗಳಿಗೆ ನಿದ್ದೆಯಿರುತ್ತಿರಲಿಲ್ಲ. ಲಕ್ಷಗಟ್ಟಲೆ ಪ್ರತಿಗಳು ಹೋದವು. 2006ರ ಜನವರಿಯಲ್ಲಿ ‘ದ ಸ್ಮೋಕಿಂಗ್ ಗನ್’ ಎಂಬ ಜಾಲತಾಣ ಪೊಲೀಸ್ ದಾಖಲೆಗಳನ್ನು ತೆಗೆದು ನೋಡಿದರೆ, ಲೇಖಕರು 87 ದಿನ ಎಂದು ಹೇಳಿಕೊಂಡಿದ್ದ ಸೆರೆವಾಸ ಕೆಲವೇ ಗಂಟೆಗಳದ್ದು. ವಿನ್‌ಫ್ರೀ ಮೊದಲು ಟಿವಿ ಕಾರ್ಯಕ್ರಮಕ್ಕೆ ಫೋನ್ ಮಾಡಿ ಲೇಖಕರ ಪರ ನಿಂತರು. ಅದೇ ತಿಂಗಳು ಅವರನ್ನು ತಮ್ಮ ವೇದಿಕೆಗೇ ಕರೆಸಿ, ದೇಶವೆಲ್ಲ ನೋಡುವಂತೆ ತರಾಟೆಗೆ ತೆಗೆದುಕೊಂಡರು.

ನನಗೆ ಪ್ರಿಯವಾದ ಭಾಗ ಇದರ ನಂತರದ್ದು. ಮೋಸಹೋದ ಓದುಗರು ನ್ಯಾಯಾಲಯಕ್ಕೆ ಹೋದರು, ಪ್ರಕಾಶಕರು ಹಣ ಹಿಂದಿರುಗಿಸಲು ಒಪ್ಪಿದರು. ಷರತ್ತು ಏನು ಗೊತ್ತೇ? ಗಟ್ಟಿರಟ್ಟಿನ ಪ್ರತಿ ಕೊಂಡವರು ಅದರ 163ನೇ ಪುಟವನ್ನು ಹರಿದು ಕಳಿಸಬೇಕು. ಜೊತೆಗೆ, ಇದು ನಿಜವಲ್ಲವೆಂದು ಗೊತ್ತಿದ್ದರೆ ಕೊಳ್ಳುತ್ತಿರಲಿಲ್ಲ ಎಂದು ಪ್ರಮಾಣ ಮಾಡಬೇಕು. 163ನೇ ಪುಟವೇ ಏಕೆ? ಯಾವ ಗುಮಾಸ್ತರ ತಲೆಯಲ್ಲಿ ಹೊಳೆದ ಸಂಖ್ಯೆಯೋ ಏನೋ. ಅಲ್ಲಿಯವರೆಗೆ ಓದಿರಬೇಕೆಂಬ ನಿಯಮವಂತೂ ಇರಲಿಲ್ಲ. ಹಲವರ ಪ್ರತಿಯಲ್ಲಿ ಆ ಪುಟ ಮೊದಲ ಬಾರಿ ಬೆಳಕು ಕಂಡದ್ದು ಕತ್ತರಿಯ ಕೈಯಲ್ಲೇ ಇರಬೇಕು. ಲಕ್ಷಗಟ್ಟಲೆ ಪ್ರತಿ ಮಾರಾಟವಾದ ಪುಸ್ತಕಕ್ಕೆ ಹಣ ಕೇಳಿಕೊಂಡು ಬಂದವರು ಎರಡು ಸಾವಿರಕ್ಕಿಂತ ಕಡಿಮೆ. ಉಳಿದವರು ಪುಸ್ತಕವನ್ನು ನಿಜವಾಗಿ ಮೆಚ್ಚಿದ್ದರೋ, ತೆರೆದೇ ಇರಲಿಲ್ಲವೋ, ಹೇಳುವವರು ಯಾರು? ಅದೇ ವಾಕ್ಯಗಳು, ಅದೇ ಅಲ್ಪವಿರಾಮಗಳು. ನಿಜವೆಂದಾಗ ಕಣ್ಣೀರು ತಂದವು, ಕಥೆಯೆಂದಾಗ ಮೊಕದ್ದಮೆ ತಂದವು. ಸುರಿಸಿದ ಕಣ್ಣೀರನ್ನು ಹಿಂದಿರುಗಿಸುವ ಬಗ್ಗೆ ಆದೇಶದಲ್ಲಿ ಏನೂ ಇರಲಿಲ್ಲ.

ಹಾಗೆ ನೋಡಿದರೆ ಈ ಎಲ್ಲ ವರ್ಗೀಕರಣ ಬರೀ ತೋರಿಕೆಗೆ. ನಿಜವಾದ ಅಳತೆಗೋಲು ಪುಟಸಂಖ್ಯೆ. ಚರ್ಚೆ ಎಷ್ಟೇ ಎತ್ತರಕ್ಕೆ ಹೋಗಲಿ, ಒಬ್ಬರು ಮೊಬೈಲ್ ನೋಡಿ ‘ಐನೂರ ನಲವತ್ತು ಪುಟ’ ಎಂದರೆ ಮುಗಿಯಿತು, ಲೇಖಕರಿಗೆ ನೊಬೆಲ್ ಬಂದಿದ್ದರೂ ಉಪಯೋಗವಿಲ್ಲ. ವರ್ಷಕ್ಕೊಮ್ಮೆ ಯಾರಾದರೂ ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯ ಹೆಸರು ಎತ್ತುತ್ತಾರೆ. ಸಭೆ ಒಂದು ನಿಮಿಷ ಮೌನ ಆಚರಿಸಿ ಮುಂದಿನ ವಿಷಯಕ್ಕೆ ಹೋಗುತ್ತದೆ. ಆಮೇಲೆ ಮತದಾನ. ಮತದಾನದಲ್ಲಿ ಸದಾ ಗೆಲ್ಲುವುದು ಯಾರಿಗೂ ಮೊದಲ ಆಯ್ಕೆಯಲ್ಲದ, ಯಾರಿಗೂ ಆಕ್ಷೇಪವಿಲ್ಲದ ಪುಸ್ತಕ. ಅಂಥ ಪುಸ್ತಕದ ಬಗ್ಗೆ ಚರ್ಚಿಸಲು ಏನಿರುತ್ತದೆ? ಏನೂ ಇರುವುದಿಲ್ಲ. ಅದಕ್ಕೆಂದೇ ಪ್ರಕಾಶಕರು ಹಿಂಬದಿಯಲ್ಲಿ ಪ್ರಶ್ನೆಗಳನ್ನು ಅಚ್ಚು ಹಾಕಿ ಕೊಡುತ್ತಾರೆ. ‘ನಾಯಕಿಯ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?’ ಈ ಪ್ರಶ್ನೆಗೆ ಉತ್ತರಿಸಲು ನಾಯಕಿ ಯಾರೆಂದು ತಿಳಿದಿರಬೇಕಾಗಿಲ್ಲ. ತಮ್ಮ ಬಡ್ತಿ ತಪ್ಪಿದ್ದು, ಅತ್ತಿಗೆ ಮಾತು ಬಿಟ್ಟಿದ್ದು, ಎಲ್ಲವೂ ಅಲ್ಲಿ ಸಲ್ಲುತ್ತದೆ. ಇಲ್ಲದ ಹತ್ತು ಪುಸ್ತಕಗಳ ಬಗ್ಗೆಯೂ ಇದೇ ಪ್ರಶ್ನೆಗಳಿಂದ ಹತ್ತು ತಿಂಗಳು ಸಲೀಸಾಗಿ ಸಭೆ ನಡೆಸಬಹುದು.

ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕಗಳಿರುವುದು ಬಳಕೆಗೆ, ಪ್ರತಿ ಓದುಗರಿಗೂ ಅವರ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗರು, ಓದುಗರ ಸಮಯ ಉಳಿಸಿ, ಗ್ರಂಥಾಲಯ ಬೆಳೆಯುವ ಜೀವಿ. ನಾಲ್ಕನೆಯದನ್ನು ಈ ಪಟ್ಟಿ ಪಾಲಿಸಿದಷ್ಟು ನಿಷ್ಠೆಯಿಂದ ಇನ್ಯಾರೂ ಪಾಲಿಸಿಲ್ಲ. ಇಲ್ಲದ ಪುಸ್ತಕ ಒಂದು ಕ್ಷಣವನ್ನೂ ತೆಗೆದುಕೊಳ್ಳುವುದಿಲ್ಲ.

ತಮಾಷೆ ಸಾಕು. ರಂಗನಾಥನ್ ಆ ಸೂತ್ರ ಬರೆಯುವಾಗ ಅವರ ಮನಸ್ಸಿನಲ್ಲಿದ್ದದ್ದು ಒಬ್ಬ ಮನುಷ್ಯ: ಪುಸ್ತಕಗಳನ್ನು ಬಲ್ಲ, ಎದುರಿಗೆ ನಿಂತ ಓದುಗರನ್ನು ನೋಡಿ ‘ಇದು ನಿಮಗೆ ಹಿಡಿಸಬಹುದು’ ಎನ್ನಬಲ್ಲ ಗ್ರಂಥಪಾಲಕ. ಅದು ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ. ಪತ್ರಿಕೆಯಲ್ಲಿ ಪುಸ್ತಕಗಳ ಬಗ್ಗೆ ಬರೆಯುವುದೂ ಹಾಗೆಯೇ. ಸನ್-ಟೈಮ್ಸ್ ಆ ಪಟ್ಟಿ ಪ್ರಕಟಿಸುವ ಎರಡು ತಿಂಗಳ ಹಿಂದಷ್ಟೇ ತನ್ನ ಸಿಬ್ಬಂದಿಯಲ್ಲಿ ಐದನೇ ಒಂದು ಭಾಗದಷ್ಟು ಜನರನ್ನು ಸ್ವಯಂನಿವೃತ್ತಿಯ ದುಡ್ಡು ಕೊಟ್ಟು ಕಳಿಸಿತ್ತು. ಪುರವಣಿಯನ್ನು ಹೊರಗಿನ ಸಂಸ್ಥೆಯಿಂದ ತರಿಸಿಕೊಂಡು, ಓದದೆ ಅಚ್ಚು ಹಾಕಿತು. ಹದಿನೈದು ಹೆಸರುಗಳು. ಹುಡುಕಿ ನೋಡಲು ಅರ್ಧ ಗಂಟೆ ಹಿಡಿಯುತ್ತಿತ್ತು. ಆ ಅರ್ಧ ಗಂಟೆಯನ್ನು ಕೊಡಬಲ್ಲ ಒಬ್ಬರೂ ಆ ಸರಪಳಿಯಲ್ಲಿ ಉಳಿದಿರಲಿಲ್ಲ, ಉಳಿದಿದ್ದರೂ ಅದು ಅವರ ಕೆಲಸವಾಗಿರಲಿಲ್ಲ. ದುಡ್ಡು ಕೊಟ್ಟು ಪತ್ರಿಕೆ ಕೊಂಡವರೇ ಕೊನೆಗೆ ಆ ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟರು. ಇದರಲ್ಲಿ ನಗುವಂಥದ್ದು ನನಗೆ ಏನೂ ಕಾಣುತ್ತಿಲ್ಲ. ಇರುವ ಪುಸ್ತಕವನ್ನು ಕಪಾಟಿನಿಂದ ತೆಗೆದು ತೋರಿಸಬಹುದು. ಇಲ್ಲದ ಪುಸ್ತಕ ಇಲ್ಲವೆಂದು ಗ್ರಂಥಪಾಲಕರು ಎಷ್ಟು ಜನರಿಗೆ, ಎಷ್ಟು ಬಾರಿ, ಎಷ್ಟು ತಾಳ್ಮೆಯಿಂದ ಹೇಳಬೇಕು? ‘ಪತ್ರಿಕೆಯಲ್ಲಿ ಬಂದಿದೆಯಲ್ಲ, ಸರಿಯಾಗಿ ನೋಡಿ’ ಎನ್ನುವವರಿಗೆ ಏನು ಉತ್ತರ ಕೊಡಬೇಕು?

ಬಳಗಗಳಾದರೂ ಎಷ್ಟು ಭಿನ್ನ? ಸೂಚಿಸುವವರು ಪುಸ್ತಕವನ್ನು ಓದಿರಬೇಕು ಎಂಬ ನಿಯಮವಿರುವ ಬಳಗಗಳು ಬೆರಳೆಣಿಕೆಯವು. ಹೆಚ್ಚಿನ ಕಡೆ ಸೂಚಿಸುವವರು ಪಟ್ಟಿ ಓದಿರುತ್ತಾರೆ, ಅನುಮೋದಿಸುವವರು ಬೆನ್ನುಡಿ ಓದಿರುತ್ತಾರೆ, ವಿರೋಧಿಸುವವರು ಪುಟಸಂಖ್ಯೆ ಓದಿರುತ್ತಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವುದು ಹಳೆಯ ಕಥೆ. ಈಗ ಕುಲಾವಿ ನೋಡಿಯೇ ಕೂಸಿಗೆ ಐದು ನಕ್ಷತ್ರ ಕೊಟ್ಟಾಗಿರುತ್ತದೆ.

ಆ ಪಟ್ಟಿಯ ಕೊನೆಯ ಐದು ಪುಸ್ತಕಗಳು ನಿಜವಾದವು, ಅವುಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಅವುಗಳಲ್ಲೊಂದು ಫ್ರಾನ್ಸ್ವಾಸ್ ಸಗಾನ್ ಅವರ ‘ಬೊನ್‌ಜೂರ್ ತ್ರಿಸ್ತೆಸ್’. 1954ರಲ್ಲಿ ಪ್ರಕಟವಾದಾಗ ಲೇಖಕಿಗೆ ಹದಿನೆಂಟು ವರ್ಷ. ತೆಳ್ಳನೆಯ ಪುಸ್ತಕ, ಒಂದೇ ಕೂತಿಗೆ ಮುಗಿಯುತ್ತದೆ. ಮಹಿಳೆ ಬರೆದದ್ದು, ಫ್ರೆಂಚಿನಿಂದ ಬಂದದ್ದು, ಓದದವರ ಅನುಕೂಲಕ್ಕೆ 1958ರಲ್ಲೇ ಸಿನಿಮಾ ಕೂಡ ಆಗಿದೆ. ಎಲ್ಲ ಮೀಸಲು ಸ್ಥಾನಗಳಿಗೂ ಸಲ್ಲುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಚೆನ್ನಾಗಿದೆ. ಧೈರ್ಯವಿದ್ದರೆ ಮುಂದಿನ ಸಭೆಯಲ್ಲಿ ಹೆಸರು ಎತ್ತಿ ನೋಡಿ. ‘ಅಯ್ಯೋ, ಅದು ಆ ಸುಳ್ಳು ಪಟ್ಟಿಯದ್ದಲ್ಲವೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಮತ್ತು ಎಂಟಕ್ಕೆ ಎರಡು ಮತಗಳಿಂದ ಅದು ಬಿದ್ದುಹೋಗುತ್ತದೆ.