ಚೀನಿಕಾಯಿ ಬೀಜದ ಪರೀಕ್ಷೆ

ಆಟಿ ತಿಂಗಳ ಮಳೆಗೆ ನಮ್ಮಲ್ಲಿ ಭರಣಿಯ ಉಪ್ಪೂ ನೀರೊಡೆಯುತ್ತದೆ. ಅಂಥ ಒಂದು ಮಧ್ಯಾಹ್ನ ಕರೆಂಟಿರಲಿಲ್ಲ, ಅಟ್ಟದಲ್ಲಿ ಬೇರೇನೋ ಹುಡುಕುತ್ತಿದ್ದಾಗ ಒಂದು ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ಒಳಗೆ ಬೂದಿ ಉಜ್ಜಿದ ಚೀನಿಕಾಯಿ, ಅಂದರೆ ಸಿಹಿಗುಂಬಳದ ಬೀಜ. ಅಮ್ಮನದ್ದೇ ಕೆಲಸ.

"ಇದು ಯಾವ ವರ್ಷದ್ದು?"

"ದೊಡ್ಡಪ್ಪನ ಮನೆ ಪೂಜೆಗೆ ಒಂದು ದೊಡ್ಡ ಕಾಯಿ ಕೊಟ್ಟಿರಲಿಲ್ವಾ, ಅದರ ಜೊತೆಯದ್ದು."

"ಪೂಜೆ ಯಾವಾಗ? ಕೊರೋನಾಕ್ಕಿಂತ ಮೊದಲಾ, ಮತ್ತೆಯಾ?"

"ಮಾಸ್ಕ್ ಹಾಕಿದ ನೆನಪಿಲ್ಲಪ್ಪ."

ಅಂದರೆ 2020ಕ್ಕಿಂತ ಮೊದಲು, ಇಲ್ಲವೇ 2022ರ ನಂತರ. ಪೂಜೆಗೆ ಇದರಿಂದ ಏನೂ ವ್ಯತ್ಯಾಸವಿಲ್ಲ, ಬೀಜಕ್ಕೆ ಉಂಟು. ಚೆನ್ನಾಗಿ ಒಣಗಿಸಿ ಇಟ್ಟರೆ ಚೀನಿಕಾಯಿ ಬೀಜ ನಾಲ್ಕರಿಂದ ಆರು ವರ್ಷ ತಾಳುತ್ತದೆ ಅನ್ನುತ್ತಾರೆ. ಆದರೆ ಕಾಸರಗೋಡಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಇಲ್ಲಿ ಚೆನ್ನಾಗಿ ಒಣಗುವುದು ಅಂದರೆ ಅದೇ ಒಂದು ಸಾಧನೆ. ಅಜ್ಜಿಯ ಕಾಲದಲ್ಲಿ ಬೀಜವನ್ನು ಸೆಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುತ್ತಿದ್ದರು, ಬೇಕಾದಾಗ ಕಿತ್ತು ತೆಗೆಯುವುದು. ಈಗ ಗೋಡೆಗೆ ಪೈಂಟ್ ಬಳಿದಾಗಿದೆ, ತಟ್ಟಿದರೆ ಮನೆಯಲ್ಲಿ ಯುದ್ಧವೇ.

ಮತ್ತೆ ಈ ಹೆಸರಿನ ಕತೆ. ಈ ಕಾಯಿಯ ಮೂಲ ಅಮೆರಿಕ ಖಂಡ. ನಾವು ಕರೆಯುವುದು ಚೀನಿಕಾಯಿ. ಬೇಲಿಯಾಚೆ ತುಳುವಿನಲ್ಲಿ ಕೆಂಬುಡೆ, ಅದರಾಚೆ ಮಲಯಾಳದಲ್ಲಿ ಮತ್ತಂಗ, ಘಟ್ಟ ಹತ್ತಿದರೆ ಸಿಹಿಗುಂಬಳ. ಪಾಪ, ಚೀನಾಕ್ಕೂ ಅದಕ್ಕೂ ಏನು ಸಂಬಂಧವೋ.

ಇರಲಿ. ಬೀಜ ಮೊಳೆಯುತ್ತದೋ ಇಲ್ಲವೋ ನೋಡಬೇಕಲ್ಲ. ಮೊದಲು ಎಲ್ಲರೂ ಹೇಳುವ ನೀರಿನ ಪರೀಕ್ಷೆ: ಮುಳುಗಿದ್ದು ಒಳ್ಳೆಯದು, ತೇಲಿದ್ದು ಜೊಳ್ಳು. ಒಂದು ಹಿಡಿ ತೆಗೆದು ಲೋಟಕ್ಕೆ ಹಾಕಿದೆ. ಅಷ್ಟೂ ತೇಲಿದವು! ಅಮ್ಮ ಇಣುಕಿ ನೋಡಿ, "ಒಣಗಿದ ಬೀಜ ತೇಲದೆ ಮತ್ತೆಂತ, ಕಲ್ಲಾ?" ಅಂತ ಹೋದಳು. ಸರಿಯೇ ಅದು. ಈ ಬೀಜದ ಸಿಪ್ಪೆಗೂ ತಿರುಳಿಗೂ ನಡುವೆ ಗಾಳಿ ಇರುತ್ತದೆ, ಒಳ್ಳೆ ಬೀಜವೂ ತೇಲುತ್ತದೆ. ಅದನ್ನು ನಂಬಿ ಚೆಲ್ಲಿದ್ದರೆ ಮುಗಿದಿತ್ತು. ರಾತ್ರಿಯವರೆಗೆ ಬಿಟ್ಟಾಗ ಅರ್ಧಕ್ಕರ್ಧ ತಳ ಸೇರಿದವು. ಒಂದನ್ನು ಸುಲಿದು ನೋಡಿದೆ: ತೆಳು ಹಸಿರು ಪೊರೆ, ಒಳಗೆ ಬಿಳಿ ತಿರುಳು, ತುಂಬಿಕೊಂಡೇ ಇತ್ತು. ಸುಲಿದದ್ದನ್ನು ಮತ್ತೆ ನೆಡಲಾಗುವುದಿಲ್ಲವಲ್ಲ, ಬಾಯಿಗೆ ಹಾಕಿಕೊಂಡೆ. ರುಚಿಗೆ ಫುಲ್ ಮಾರ್ಕು.

ಪ್ರಯೋಗಾಲಯದಲ್ಲಾದರೆ ಟೆಟ್ರಜೋಲಿಯಂ ಅನ್ನುವ ಒಂದು ದ್ರಾವಣ ಉಂಟು, ಜೀವ ಇರುವ ಭಾಗಕ್ಕೆ ತಾಗಿದರೆ ಕೆಂಪಾಗುತ್ತದೆ. ನಮ್ಮಲ್ಲಿ ಇದ್ದದ್ದು ಮೈ ಒರೆಸುವ ಹಳೆ ಬೈರಾಸು. ಅದರ ಒಂದು ತುಂಡು ಒದ್ದೆ ಮಾಡಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ಹತ್ತು ಬೀಜ ಒಂದಕ್ಕೊಂದು ತಾಗದಂತೆ ಸುತ್ತಿದೆ. ಇದಕ್ಕೆ ಇಪ್ಪತ್ತೈದು ಮೂವತ್ತು ಡಿಗ್ರಿ ಬೆಚ್ಚಗೆ ಬೇಕು. ಮಳೆಗಾಲದಲ್ಲಿ ಮನೆಯ ಒಂದೇ ಬೆಚ್ಚನೆಯ ಜಾಗ ಬಚ್ಚಲ ಒಲೆಯ ಪಕ್ಕ. ಅಲ್ಲಿಟ್ಟೆ. ಮೊದಲ ದಿನ ಯಾರೋ ಅದರಲ್ಲಿ ಹಂಡೆಯ ಮುಚ್ಚಳ ಹಿಡಿದರು. ಹಾಗಾಗಿ ಮೇಲೊಂದು ತೆಂಗಿನ ಗೆರಟೆ ಕವುಚಿ ಹಾಕಿದೆ.

ಮೂರು ದಿನ ಏನಿಲ್ಲ. ಬಿಚ್ಚಿ ನೋಡುವುದು, ಸುತ್ತಿಡುವುದು. ನಾನೊಬ್ಬನೇ ಅಂದುಕೊಂಡಿದ್ದೆ, ಗಂಟು ದಿನಕ್ಕೊಂದು ನಮೂನೆ ಇರುವುದು ನೋಡಿದರೆ ಮನೆಯವರೆಲ್ಲ ಬಿಚ್ಚಿ ನೋಡುತ್ತಿದ್ದರು. ನಾಲ್ಕನೇ ದಿನ ಎರಡರ ಚೂಪು ತುದಿ ಬಿರಿದಿತ್ತು. ಆಮೇಲೆ ಬೇರು ಬಂತು, ಬಿಳಿಯಾಗಿ, ಕೊಕ್ಕೆಯ ಹಾಗೆ ಬಾಗಿ. ಆ ಬಾಗಿದಲ್ಲಿ ಒಂದು ಪುಟ್ಟ ಗುಬುಟು ಇರುತ್ತದೆ, ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವುದು. ಅದರ ಕೆಲಸ ಸಿಪ್ಪೆಯನ್ನು ಕೆಳಗೆ ಒತ್ತಿ ಹಿಡಿಯುವುದು. ನಾವು ಅಂಗಿ ಕಳಚುವಾಗ ತೋಳಿನ ತುದಿ ಹಿಡಿದುಕೊಳ್ಳುವುದಿಲ್ವಾ, ಹಾಗೆ. ಸಿಪ್ಪೆ ಅಲ್ಲೇ ಉಳಿಯುತ್ತದೆ, ಎಲೆ ಜೋಡಿ ಜಾರಿ ಹೊರಗೆ. ತೀರಾ ಮೇಲೆ ಮೇಲೆ ನೆಟ್ಟ ಬೀಜ ಕೆಲವು ಸಲ ಸಿಪ್ಪೆಯ ಟೊಪ್ಪಿ ಹಾಕಿಕೊಂಡೇ ಏಳುತ್ತದಲ್ಲ, ಅಲ್ಲಿ ಈ ಹಿಡಿತ ತಪ್ಪಿರುತ್ತದೆ.

ಎಂಟು ದಿನಕ್ಕೆ ಲೆಕ್ಕ: ಏಳು ಮೊಳೆತವು, ಎರಡು ಲೋಳೆಯಾದವು, ಒಂದಕ್ಕೆ ಬೂಸ್ಟು. ಶೇಕಡಾ 70! ನಮ್ಮ ದೇಶದ ಬೀಜ ಪ್ರಮಾಣೀಕರಣದಲ್ಲಿ ಈ ಕಾಯಿಯ ಬೀಜಕ್ಕೆ ಕೇಳುವುದು ಶೇಕಡಾ 60 ಮೊಳಕೆ. ಅಮ್ಮನ ಬಾಟಲಿ ಪಾಸು. ಲ್ಯಾಬಿನವರು 400 ಬೀಜ ಎಣಿಸಿ ನೋಡುತ್ತಾರೆ, ಹತ್ತರಲ್ಲಿ ಏಳು ಬಂದರೆ ಮುಂದಿನ ಹತ್ತರಲ್ಲಿ ಐದೂ ಬರಬಹುದು, ಒಂಬತ್ತೂ ಬರಬಹುದು. ಅದನ್ನು ನಾನು ಅಮ್ಮನಿಗೆ ಹೇಳಲು ಹೋಗಲಿಲ್ಲ.

ತೊಂದರೆ ಶುರುವಾದದ್ದು ಇಲ್ಲಿಂದ. ಪಾಸಾದವರನ್ನು ಎಂತ ಮಾಡುವುದು? ಗದ್ದೆಯಲ್ಲಿ ತರಕಾರಿ ಮಾಡುವುದು ಕೊಯ್ಲು ಮುಗಿದ ಮೇಲೆ, ಅದಕ್ಕೆ ಇನ್ನೂ ನಾಲ್ಕೈದು ತಿಂಗಳು. ನನಗೆ ಬೇಕಾಗಿದ್ದದ್ದು ಒಂದು ಉತ್ತರ ಅಷ್ಟೇ, ಗಿಡ ಅಲ್ಲ. ಆದರೆ ಬೇರು ಬಿಟ್ಟ ಬೀಜವನ್ನು ಮತ್ತೆ ಬಾಟಲಿಗೆ ಹಾಕಿ, "ಗೊತ್ತಾಯ್ತು, ಇನ್ನು ಮಲಗು" ಅನ್ನಲಿಕ್ಕಾಗುವುದಿಲ್ಲ. ಏಳು ಗೆರಟೆಗೆ ತೂತು ಕೊರೆದು, ಮಣ್ಣು ತುಂಬಿ, ಜಗಲಿಯ ಅಂಚಿನಲ್ಲಿ ಸಾಲಾಗಿ ಇಟ್ಟೆ. ಮೂರನ್ನು ಎರಡೇ ರಾತ್ರಿಯಲ್ಲಿ ಬಸವನಹುಳ ಮುಗಿಸಿತು. ಉಳಿದ ನಾಲ್ಕು ಬಿಸಿಲಿಲ್ಲದೆ ಸಪೂರ ಸಪೂರ ಉದ್ದ ಹೋಗಿ, ಆಮೇಲೆ ಅಂಗಳದ ಬದಿಗೆ ನೆಟ್ಟಾಗ ಊರಿದ ಕೊಂಬೆಗೆ ಹತ್ತಿದವು. ಕಾಯಿ ಹಿಡಿಯುವ ಲಕ್ಷಣ ಇಲ್ಲ. ಗಂಡು ಹೂ ರಾಶಿ ಬಿಡುತ್ತದೆ, ಮಳೆಗೆ ಜೇನು ಬರುವುದಿಲ್ಲ. ಅಮ್ಮನಿಗೆ ಬೇಜಾರಿಲ್ಲ. ಕುಡಿ ಚಿವುಟಿ ತಂದು, ನಾರು ಎಳೆದು ತೆಗೆದು, ತೆಂಗಿನಕಾಯಿ ಹಾಕಿ ಎರಡು ಸಲ ಪಲ್ಯ ಮಾಡಿದಳು.

ಬಾಟಲಿಯಲ್ಲಿ ಉಳಿದ ಬೀಜಕ್ಕೆ ಒಂದು ಉಪಚಾರ ಮಾಡಿದೆ. ಬೀಜದ ತೇವ ಶೇಕಡಾ ಒಂದರಷ್ಟು ಇಳಿದರೆ ಆಯುಸ್ಸು ಹೆಚ್ಚುಕಮ್ಮಿ ದುಪ್ಪಟ್ಟು ಅಂತ ಒಂದು ಅಂದಾಜು ಲೆಕ್ಕ ಉಂಟು. ಬಿಸಿಲು ಎಲ್ಲಿಂದ ತರುವುದು? ಒಂದು ಹಿಡಿ ಅಕ್ಕಿ ಹುರಿದು, ಆರಿಸಿ, ಬಟ್ಟೆಯಲ್ಲಿ ಕಟ್ಟಿ ಬಾಟಲಿಯೊಳಗೆ ಹಾಕಿ ಮುಚ್ಚಳ ಬಿಗಿ ಮಾಡಿದೆ. ಹೊರಗೆ ಚೀಟಿ ಅಂಟಿಸಿದೆ: "ಚೀನಿಕಾಯಿ. 10ಕ್ಕೆ 7."

ಮರುದಿನ ನೋಡಿದರೆ ಅದರ ಕೆಳಗೆ ಅಮ್ಮನ ಅಕ್ಷರ: "ಹುರಿದು ತಿನ್ನಲಿಕ್ಕಲ್ಲ."