ದರಗಿನ ಮೇಲೆ ಕೂತು ತರಬೇತಿ

ನಿನ್ನೆ ಆನ್‌ಲೈನ್ ತರಬೇತಿಯ ಕೊನೇ ಪ್ರಶ್ನೆಗೆ ಉತ್ತರ ಒತ್ತಿ 'ಸಬ್ಮಿಟ್' ಅಂದಿದ್ದೇ ತಡ, ಪರದೆ ಮೇಲೆ ಆ ಹಾಳು ಚಕ್ರ ತಿರುಗೋಕೆ ಶುರುವಾಯ್ತು. ನಾನು ಹಾಲು ಕರೆದು ಒಲೆಗಿಟ್ಟು ಬಂದರೂ ತಿರುಗ್ತಾನೇ ಇತ್ತು. ಆಮೇಲೆ ಬಂದ ಸಂದೇಶ: 'ಅವಧಿ ಮುಗಿದಿದೆ. ಮೊದಲ ಪಾಠದಿಂದ ಆರಂಭಿಸಿ.' ಏಳು ದಿನದ ತಪಸ್ಸು ಹೊಳೆಗೆ ಹೋಯ್ತು.

ಮನೆಮನೆಗೆ ಹೋಗಿ ಆರೋಗ್ಯದ ವಿಷಯ ಹೇಳೋದು ನನ್ನ ಕೆಲಸ. ಮೊದಲು ಇದಕ್ಕೆ ಐಇಸಿ, ಅಂದರೆ ಮಾಹಿತಿ, ಶಿಕ್ಷಣ, ಸಂವಹನ ಅಂತಿದ್ದರು. ಆಮೇಲೆ ಬಿಸಿಸಿ ಆಯ್ತು. ಈಗ ಮುಂದೊಂದು ಎಸ್ ಸೇರಿ ಎಸ್‌ಬಿಸಿಸಿ, ಅಂದರೆ ಸಾಮಾಜಿಕ ಮತ್ತು ವರ್ತನಾ ಬದಲಾವಣೆ ಸಂವಹನ. ಹೆಸರು ಉದ್ದ ಆದಷ್ಟೂ ತರಬೇತಿಯೂ ಉದ್ದ. ಕೆಲಸ ಮಾತ್ರ ಅದೇ: ಜಗಲಿ ಮೇಲೆ ಕೂತು, ಅಡಿಕೆ ರೇಟಿನಿಂದ ಮಾತು ತೆಗೆದು, ಮೆಲ್ಲಗೆ ಮಂಗನ ಕಾಯಿಲೆಗೆ ಇಳಿಯೋದು.

ತರಬೇತಿಯ ಮೇಡಂ ದೂರದ ಊರಿನವರು. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾದ ನಮ್ಮ ಸೊರಬದ ಕ್ಯಾಸನೂರನ್ನ 'ಕೈಸಾನೂರ್' ಅಂತಾರೆ. ನಿಮಿಷಕ್ಕೊಮ್ಮೆ 'ಕ್ಯಾಮೆರಾ ಆನ್ ಇರಲಿ' ಅಂತಾರೆ. ಆನ್ ಮಾಡೋಕೆ ಅಡ್ಡಿಯಿಲ್ಲ, ಆದರೆ ನಮ್ಮನೇಲಿ ಸಿಗ್ನಲ್ ಸಿಗೋದು ಕೊಟ್ಟಿಗೆಯ ಗೋದಲಿ ಪಕ್ಕದ ಒಂದೇ ಮೂಲೆಯಲ್ಲಿ. ಹಾಗಾಗಿ ವಾರವಿಡೀ ನಾನು ದರಗಿನ, ಅಂದರೆ ಒಣ ಎಲೆಗಳ ರಾಶಿ ಮೇಲೆ, ಹಿಂದೆ ಗೌರಿ ಮೆಲುಕು ಹಾಕ್ತಾ. ಮೊದಲ ದಿನ ಮೇಡಂ 'ವಾವ್, ಬ್ಯಾಕ್‌ಗ್ರೌಂಡ್ ಎಲ್ಲಿಂದ ಡೌನ್‌ಲೋಡ್ ಮಾಡಿದ್ರಿ?' ಅಂದರು. ಗೌರಿ ಬಾಲ ಬೀಸಿ ನನ್ನ ಕೆನ್ನೆಗೆ ಬಾರಿಸಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಮೂರನೇ ದಿನ ನನ್ನ ಸರದಿ. ಒಬ್ಬರ ವರ್ತನೆ ಬರೀ ಅವರೊಬ್ಬರ ಕೈಯಲ್ಲಿರಲ್ಲ, ಮನೆ, ಊರು, ಸರ್ಕಾರ ಹೀಗೆ ಸುತ್ತ ವೃತ್ತಗಳಿರ್ತವೆ ಅನ್ನೋ ಪಾಠ. ಈರುಳ್ಳಿ ಹೆಚ್ಚಿದ ಹಾಗೆ ಒಂದು ಚಿತ್ರ. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: 'ಮಂಗನ ಕಾಯಿಲೆ ಹರಡೋ ಉಣುಗು ಕಾಡಿನ ದರಗಿನಲ್ಲಿ ಇರ್ತದೆ. ಅದಕ್ಕೇ ನಮ್ಮೂರಲ್ಲಿ ಈಗ ಯಾರೂ ಕಾಡಿನ ದರಗು ಕೊಟ್ಟಿಗೆಗೆ ತರ್ತಿಲ್ಲ. ಜನರ ವರ್ತನೆ ಪೂರ್ತಿ ಬದಲಾಗಿದೆ.'

'ಪೂರ್ತಿ' ಅನ್ನೋದು ಬಾಯಲ್ಲಿ ಇನ್ನೂ ಅರ್ಧ ಇತ್ತು. ನನ್ನ ಬೆನ್ನ ಹಿಂದೆ ಧೊಪ್ಪಂತ ಸದ್ದಾಯ್ತು. ಅತ್ತೆ, ಒಂದು ಹೆಡಿಗೆ ತುಂಬ ದರಗು, ಈಗಷ್ಟೇ ಕಾಡಿಂದ. ಸುರಿದರು. ಹರಡಿದರು. ಕಾಲಲ್ಲಿ ತುಳಿದು ಸಮ ಮಾಡಿದರು. ಧೂಳಿಗೆ ಪರದೆ ಮೇಲೆ ನಾನೇ ಕಾಣ್ತಿರಲಿಲ್ಲ. ಅದೂ ಸಾಲದು ಅಂತ ಬಗ್ಗಿ ಫೋನ್ ನೋಡಿ, 'ಯಾರೇ ಇವರೆಲ್ಲ? ಊಟ ಆಯ್ತೇನ್ರೋ?' ಅಂದರು. ನಲವತ್ತು ಜನರ ಮೈಕ್ ಮ್ಯೂಟ್‌ನಲ್ಲಿತ್ತು, ನಗು ಮಾತ್ರ ನಲವತ್ತು ಚೌಕದಲ್ಲೂ ಕಾಣ್ತಿತ್ತು. ಮೇಡಂ ಒಂದು ಕ್ಷಣ ತಡೆದು, 'ನೈಸ್ ಕೇಸ್ ಸ್ಟಡಿ' ಅಂದರು. ನಾನು ಸಿಗ್ನಲ್ ಹೋದವಳ ಹಾಗೆ ಅಲ್ಲಾಡದೆ ಕೂತೆ. ಮಲೆನಾಡಿನವರಿಗೆ ಆ ಅಭಿನಯ ಯಾರೂ ಕಲಿಸಬೇಕಿಲ್ಲ.

ಮೀಟಿಂಗ್ ಮುಗಿದ ಮೇಲೆ ಅತ್ತೆ ಮೇಲೆ ಹಾರಾಡಿದೆ. 'ಸೊಂಟಕ್ಕೆ ಹೆಡಿಗೆ ಕಟ್ಟಿಕೊಂಡೇ ಹುಟ್ಟಿದವಳು ನಾನು. ದನ ಬರೀ ನೆಲದ ಮೇಲೆ ಮಲಗಬೇಕಾ? ತೋಟಕ್ಕೆ ಗೊಬ್ಬರ ನಿಮ್ಮ ಮೇಡಂ ಕಳಿಸ್ತಾರಾ?' ಅಂದರು ಅತ್ತೆ. ಈ ಪ್ರಶ್ನೆಗೆ ಉತ್ತರ ಯಾವ ವೃತ್ತದಲ್ಲೂ ಇರಲಿಲ್ಲ.

ಹಾಗಂತ ಅತ್ತೆ ಮಾತು ಕೇಳದವರೇನಲ್ಲ. 2019ರಲ್ಲಿ ಸಾಗರದ ಅರಳಗೋಡು ಕಡೆಯಿಂದ ಈ ಕಾಯಿಲೆಯ ಸಾವಿನ ಸುದ್ದಿ ಬರ್ತಿದ್ದಾಗ, ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಡಿಎಂಪಿ ಎಣ್ಣೆ ಬಾಟಲಿ ಅವರೇ ಕೇಳಿ ಇಸ್ಕೊಂಡಿದ್ದರು. ಕೈಕಾಲಿಗೆ ಹಚ್ಚಿಕೊಂಡು, ಆಮೇಲೆ ನನ್ನನ್ನ ಕೂರಿಸಿ ನನ್ನ ಮೊಣಕಾಲಿಗೂ ಹಚ್ಚಿದ್ದರು, ಚಿಕ್ಕ ಮಗುವಿಗೆ ಎಣ್ಣೆ ಹಚ್ಚೋ ಹಾಗೆ. ಕಾಡಿನ ಕಡೆ ನೋಡ್ತಾ ಸುಮ್ಮನೆ ಕೂತಿದ್ದೆವು. ಆವತ್ತು ನಾನು ಏನೂ ಹೇಳಿರಲಿಲ್ಲ.

ಇರಲಿ. ನಾಳೆ ಹನ್ನೊಂದಕ್ಕೆ ಮತ್ತೆ ಮೊದಲ ಪಾಠ, ಅದೇ ಮೂಲೆ, ಅದೇ ಗೌರಿ. ರಾತ್ರಿ ಅತ್ತೆ ಹತ್ತಿರ ಕೈಮುಗಿದು ಕೇಳಿಕೊಂಡೆ, ಕಾಡಿನ ದರಗಿನ ಸಹವಾಸ ಬಿಡಿ ಅಂತ. ಅವರು ಬಹಳ ಹೊತ್ತು ಯೋಚನೆ ಮಾಡಿ, ದೊಡ್ಡ ಮನಸ್ಸಿಂದ ಹೇಳಿದರು:

'ಆಯ್ತು ಮಾರಾಯ್ತಿ. ಹತ್ತು ಗಂಟೆ ಒಳಗೇ ತಂದು ಹಾಕಿಬಿಡ್ತೀನಿ.'